ಮೂರನೆಯ ಸಿಲಿಂಡರು

ನಾನು ಒಮ್ಮೆ ಜೋರಾಗಿ ಕೆಮ್ಮಿದ್ದಕ್ಕೆ, ಅರ್ಧ ಶತಮಾನ ಸತ್ತು ಮಲಗಿದ್ದ ಮೋಟಾರ್‌ಸೈಕಲ್ಲೊಂದು ಬೆಚ್ಚಿಬಿದ್ದು ಎದ್ದು, ತಾನೇ ತಾನಾಗಿ ಬೂಲ್ಕರಾ ಊರಿಗೆ ಮೂರು ಸುತ್ತು ಹಾಕಿ, ರೈಲ್ವೆ ಗೇಟಿನ ಹತ್ತಿರ ನಿಂತು ಎಡಬಲ ನೋಡಿ, ವಾಪಸು ಬಂದು ನನ್ನ ಶೆಡ್ಡಿನ ಬಾಗಿಲಲ್ಲಿ ‘ಇನ್ನೇನಪ್ಪಣೆ?’ ಎನ್ನುವಂತೆ ನಿಂತುಕೊಂಡಿತ್ತು. ಅದರಲ್ಲಿ ಒಂದು ತೊಟ್ಟು ಪೆಟ್ರೋಲಿರಲಿಲ್ಲ. ಚಕ್ರಗಳೂ ಇರಲಿಲ್ಲ ಎಂದರೆ ನೀವು ನಂಬುವುದಿಲ್ಲ, ಆದ್ದರಿಂದ ಒಂದು ಚಕ್ರ ಇತ್ತು ಎಂದೇ ಇಟ್ಟುಕೊಳ್ಳಿ.

ನನ್ನ ಹೆಸರು ರೆಗ್ ಟ್ರೆಲೋರ್. ಬೂಲ್ಕರಾದಿಂದ ದೂರದ ಗಣಿಪಟ್ಟಣ ಬ್ರೋಕನ್ ಹಿಲ್‌ವರೆಗೆ ಎಲ್ಲಿ ಯಾವ ಎಂಜಿನ್ ನೆಗಡಿಯಾಗಿ ಸೀನಿದರೂ ನನ್ನ ಕಿವಿಗೆ ಬೀಳುತ್ತದೆ. ನನ್ನ ಶೆಡ್ಡಿನ ಹಿಂದಿರುವ ಗುಜರಿ ರಾಶಿಯ ತುದಿಯಲ್ಲಿ ಚಳಿಗಾಲದಲ್ಲಿ ಹಿಮ ಬೀಳುತ್ತದೆ. ಅಷ್ಟು ಎತ್ತರ. ಈ ಮಾತನ್ನೆಲ್ಲ ನಮ್ಮೂರಿನವರು ನಂಬುವುದಿಲ್ಲ. ಕಸಾಯಿ ಅಂಗಡಿಯ ಕ್ಲಾರಿ ನನ್ನ ಬಾಲ್ಯದ ಗೆಳೆಯ, ಅಂದರೆ ಬಾಲ್ಯದಿಂದಲೂ ನನ್ನ ಮಾನ ಕಳೆಯುತ್ತ ಬಂದವನು. ರೆಗ್ ಹೇಳಿದ್ದನ್ನು ನಾಲ್ಕರಿಂದ ಭಾಗಿಸಿ, ಬಂದದ್ದರಲ್ಲಿ ಅರ್ಧ ನಂಬಿ ಎಂದು ಅವನು ಸಾರಿಬಿಟ್ಟಿದ್ದಾನೆ. ಈಗ ಊರಿನ ಮಕ್ಕಳೂ ನನ್ನ ಮಾತು ಕೇಳುವಾಗ ಬೆರಳು ಮಡಚುತ್ತವೆ.

ಹೀಗಿರುವಾಗ ಒಂದು ಬೆಳಿಗ್ಗೆ ಮಿಸ್ ಪೆಂಗಿಲಿ ನನ್ನ ಶೆಡ್ಡಿಗೆ ಬಂದರು.

ಐಲ್ಸಾ ಪೆಂಗಿಲಿ ನನಗೆ ಮೂರನೇ ತರಗತಿಯಲ್ಲಿ ಪಾಠ ಹೇಳಿದವರು. ನಿವೃತ್ತಿಯಾಗಿ ವರ್ಷಗಳಾದರೂ ಅವರು ಬೀದಿಯಲ್ಲಿ ಬಂದರೆ ನಮ್ಮೂರ ಗಂಡಸರು ಅಂಗಿಯ ಗುಂಡಿ ಹಾಕಿಕೊಳ್ಳುತ್ತಾರೆ. ಅವರ ಹಿಂದೆ ಟ್ರೈಲರಿನಲ್ಲಿ, ಗೋಧಿ ಚೀಲ ಹೊದ್ದುಕೊಂಡು, ಒಂದು ಗಾಡಿ. ಚೀಲ ಎತ್ತಿದೆ. ನಾಲ್ಕು ಸಿಲಿಂಡರಿನ ಅಮೆರಿಕನ್ ಮೋಟಾರ್‌ಸೈಕಲ್ಲು, ಪಕ್ಕದಲ್ಲಿ ತೊಟ್ಟಿಲಿನಂಥ ಸೈಡ್‌ಕಾರು. ಟ್ಯಾಂಕಿನ ಬಣ್ಣ ಹೋಗಿ ಕೆಂಪು ಧೂಳೇ ಬಣ್ಣವಾಗಿತ್ತು. ಎಂಜಿನ್ ಮಾತ್ರ ಉದ್ದಕ್ಕೆ, ಗಂಭೀರವಾಗಿ, ಮಲಗಿದ ದೊರೆಯ ಹಾಗಿತ್ತು. ನಮ್ಮ ಸೀಮೆಯಲ್ಲಿ ಇಂಥದ್ದು ಹತ್ತು ಸಾವಿರ ಇದ್ದವು ಎಂದು ನಾನು ಎಲ್ಲರಿಗೂ ಹೇಳುತ್ತಿದ್ದೆ. ಕಣ್ಣಾರೆ ನೋಡಿದ್ದು ಅವತ್ತೇ ಮೊದಲು.

"ಇದನ್ನ ಓಡಿಸ್ಕೊಡ್ಬೇಕಾ ಮಿಸ್? ಶುಕ್ರವಾರದ ಹೊತ್ತಿಗೆ ಹಾರಿಸ್ತೀನಿ ಬೇಕಾದ್ರೆ!"

"ಹಾರಿಸೋದೂ ಬೇಡ, ಓಡಿಸೋದು ಆಮೇಲಿನ ಮಾತು. ಮೊದಲು ಬಿಚ್ಚು. ಬಿಚ್ಚಿ, ಒಳಗೇನಾಗಿದೆ ಅಂತ ನಂಗೆ ಹೇಳು."

"ಏನಾಗಿರುತ್ತೆ, ತುಕ್ಕು ಹಿಡಿದಿರುತ್ತೆ."

"ರೆಗ್." ಮೂರನೇ ತರಗತಿಯಲ್ಲಿ ಆ ಧ್ವನಿ ಕೇಳಿದಾಗ ನನಗೆ ಬಚ್ಚಲಿಗೆ ಹೋಗಬೇಕೆನಿಸುತ್ತಿತ್ತು. ಈಗಲೂ ಅನಿಸಿತು. "ಕೂತ್ಕೋ. ಒಂದು ವಿಷಯ ಹೇಳ್ಬೇಕು."

ನಾನು ಎಣ್ಣೆ ಡಬ್ಬದ ಮೇಲೆ ಕುಳಿತೆ. ಅವರು ನಿಂತೇ ಹೇಳಿದರು.

ಅವರಿಗೆ ಎಂಟು ವರ್ಷವಿದ್ದಾಗ ಅವರಮ್ಮನಿಗೆ ಒಂದು ಬೆಳಿಗ್ಗೆ ಹೊಟ್ಟೆನೋವು ಶುರುವಾಗಿ, ನಿಲ್ಲಲೇ ಇಲ್ಲ. ಅವರ ಮನೆ ದೂರದ ಕುರಿ ಹೊಲದಲ್ಲಿ. ಅಪ್ಪ ಹೆಡ್ಲಿ ಪೆಂಗಿಲಿ ಈ ಗಾಡಿ ಹತ್ತಿ ಡಾಕ್ಟರನ್ನು ಕರೆತರಲು ಬೂಲ್ಕರಾಕ್ಕೆ ಹೊರಟ. ಎರಡು ಗಂಟೆಯ ದಾರಿ. ಡಾಕ್ಟರ ಮನೆ ಬಾಗಿಲು ತಟ್ಟಿದ್ದು ಸಂಜೆ ಸೂರ್ಯ ಮುಳುಗುವಾಗ. ಡಾಕ್ಟರರ ಕಾರು ಮನೆ ಮುಟ್ಟುವಷ್ಟರಲ್ಲಿ ಅಮ್ಮ ಇರಲಿಲ್ಲ.

"ದಾರಿ ಮಧ್ಯದಲ್ಲಿ ಒಂದು ಪಬ್ ಇತ್ತು," ಎಂದರು ಮಿಸ್. "ಅಪ್ಪ ಅಲ್ಲಿ ಕೂತಿದ್ದ, ಕುಡಿದು ಹೊತ್ತು ಕಳೆದ ಅಂತ ನಮ್ಮ ಚಿಕ್ಕಮ್ಮ ಹೇಳಿದ್ಲು. ನನ್ನ ಸಾಕಿದ್ದು ಅವಳೇ. ದಿನಾ ಊಟಕ್ಕೆ ಕೂತಾಗ ಹೇಳ್ತಿದ್ಲು."

"ನಿಮ್ಮಪ್ಪ ಏನಂದ್ರು?"

"ಬೇರಿಂಗ್ ಕರಗಿಹೋಯ್ತು, ಬುತ್ತಿಯಲ್ಲಿದ್ದ ಹಂದಿಮಾಂಸದ ಬೇಕನ್ನಿನ ತೊಗಲು ಕುಯ್ದು ಅದರ ಜಾಗದಲ್ಲಿ ಸುತ್ತಿದೆ ಅಂದ. ಅಮ್ಮನ ಮಣ್ಣು ಮಾಡಿ ಬಂದ ದಿನ, ಎಲ್ಲರ ಎದುರಿಗೆ. ಯಾರೋ ಒಬ್ಬ ಕಿಸಕ್ಕಂತ ನಕ್ಕ. ಆಮೇಲೆ ಎಲ್ಲರೂ ನಕ್ಕರು. ಯಾಕಂದ್ರೆ ನಮ್ಮಪ್ಪ ನಿನ್ನ ಹಾಗೇ. ಮೊಲ ನೋಡಿದ್ರೆ ಕಾಂಗರೂ ಅನ್ನೋನು, ಕಾಂಗರೂ ನೋಡಿದ್ರೆ ಒಂಟೆ ಅನ್ನೋನು. ಅವತ್ತಿಂದ ಆ ವಿಷಯ ಅವನ ಬಾಯಿಂದ ಬರಲೇ ಇಲ್ಲ. ಗಾಡಿನ ಶೆಡ್ಡಿಗೆ ತಳ್ಳಿ ಬಾಗಿಲಿಗೆ ಮೊಳೆ ಹೊಡೆದ. ಆಮೇಲೆ ಅವನೂ ತೀರಿಹೋದ."

ಅವರು ಟ್ಯಾಂಕಿನ ಮೇಲಿನ ಧೂಳನ್ನು ಬೆರಳಲ್ಲಿ ಒರೆಸಿದರು.

"ಎಂಜಿನ್ ಕೆಟ್ಟಿತ್ತಾ, ಇಲ್ವಾ? ಅಷ್ಟೇ ನಂಗೆ ಬೇಕಾದ್ದು. ಕೆಟ್ಟಿರ್ಲಿಲ್ಲ ಅಂದ್ರೆ ಇಲ್ಲ ಅಂತ ಹೇಳು. ನಾನು ತಡ್ಕೋತೀನಿ. ಆದ್ರೆ ಬಡಾಯಿ ಬೇಡ."

"ಮಿಸ್, ನಾನ್ಯಾವತ್ತು ಬಡಾಯಿ..."

ಅವರು ನೋಡಿದ ನೋಟಕ್ಕೆ ನಾನು ಎದ್ದು ಸ್ಪ್ಯಾನರು ಹುಡುಕತೊಡಗಿದೆ.

ಬಿಚ್ಚುವ ಕೆಲಸ ಶುರುವಾಯಿತು. ಹೊಗೆ ಕೊಳವೆಯ ಬಾಯಿಯಲ್ಲಿ ಮಣ್ಣಿನ ಕಣಜ ಗೂಡು ಕಟ್ಟಿತ್ತು. ಕೋಣೆ ಕೋಣೆಯಾಗಿ, ಒಳಗೆ ಒಣಗಿದ ಜೇಡಗಳನ್ನು ತುಂಬಿಟ್ಟು, ಮಣ್ಣಿನಿಂದ ಬಾಯಿ ಮುಚ್ಚಿ. ಆ ಜೇಡಗಳಲ್ಲಿ ಒಂದು ತಟ್ಟೆಯಷ್ಟು ದೊಡ್ಡದಿತ್ತು. ಸರಿ, ಸಾಸರಿನಷ್ಟು. ತುಕ್ಕು ಹಿಡಿದ ಕಬ್ಬಿಣದ ಬೋಲ್ಟು, ಸರಳುಗಳನ್ನೆಲ್ಲ ಕಾಕಂಬಿ ನೀರಿನ ಡ್ರಮ್ಮಿನಲ್ಲಿ ಮುಳುಗಿಸಿದೆ. ಕುದುರೆಗೆ ಹಾಕುವ ಕಾಕಂಬಿ ತುಕ್ಕನ್ನು ನಿಧಾನವಾಗಿ ನೆಕ್ಕಿ ತಿಂದು ಕಬ್ಬಿಣವನ್ನು ಮಾತ್ರ ಬಿಡುತ್ತದೆ. ಅದೇ ಡ್ರಮ್ಮಿಗೆ ಅಲ್ಯೂಮಿನಿಯಂ ಭಾಗ ಹಾಕಿದಿರೋ, ಎಂಜಿನ್ನನ್ನೇ ತಿಂದು ತೇಗುತ್ತದೆ. ಇದು ನನಗೆ ಹೇಗೆ ಗೊತ್ತು ಎಂದು ಕೇಳಬೇಡಿ.

ಸಿಲಿಂಡರುಗಳ ದಿಮ್ಮಿ ಕಚ್ಚಿಕೊಂಡಿತ್ತು. ಸಂದುಗಳಿಗೆ ಡೀಸೆಲ್ ಬಿಟ್ಟೆ. ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದೆ, ಮತ್ತೆ ಬಿಟ್ಟೆ, ಮತ್ತೆ ತಟ್ಟಿದೆ. ಇಂಥ ಕೆಲಸದಲ್ಲಿ ಬಲ ಹಾಕುವವನು ಸೋಲುತ್ತಾನೆ. ಲೋಹ ತನ್ನ ಮನಸ್ಸು ತಾನೇ ಬದಲಾಯಿಸುವವರೆಗೆ ಕಾಯಬೇಕು. ಒಂದು ಮಧ್ಯಾಹ್ನ, ಹೊರಗೆ ಗುಲಾಬಿ ಎದೆಯ ಗಿಳಿಗಳು ತಗಡಿನ ಮೇಲೆ ಜಾರುಬಂಡೆ ಆಡುತ್ತಿರುವಾಗ, ದಿಮ್ಮಿ ನಿಟ್ಟುಸಿರು ಬಿಟ್ಟಂತೆ ಒಂದು ಸದ್ದು ಮಾಡಿ ಸಡಿಲವಾಯಿತು.

ಅದಕ್ಕೆ ಮುಂಚೆ ನಾನು ಎಂಜಿನ್ನನ್ನು ಬೆಂಚಿನ ಮೇಲೆ ಬೋರಲು ಹಾಕಿ ತಳದ ಎಣ್ಣೆ ತಟ್ಟೆ ತೆಗೆದಿದ್ದೆ. ಪಿಸ್ಟನ್ನನ್ನು ಕ್ರ್ಯಾಂಕಿಗೆ, ಅಂದರೆ ತಿರುಗುವ ದಂಡಕ್ಕೆ, ಜೋಡಿಸುವ ಮೊದಲನೆಯ ಕನೆಕ್ಟಿಂಗ್ ರಾಡಿನ ಟೊಪ್ಪಿ ಬಿಚ್ಚಿ ಒಳಗಿನ ಬಿಳಿಲೋಹದ ಬೇರಿಂಗನ್ನು ಬೆಳಕಿಗೆ ಹಿಡಿದು ನೋಡಿದೆ. ಅದರ ಮೈತುಂಬ ಮೀನಿನ ಹುರುಪೆಯ ಹಾಗೆ ಸಣ್ಣ ಸಣ್ಣ ಕೆತ್ತುಗೆರೆಗಳು. ಅಮೆರಿಕದ ಯಾವುದೋ ಕಾರ್ಖಾನೆಯ ಕಿಟಕಿಯ ಪಕ್ಕ ನಿಂತ ಒಬ್ಬ ಮನುಷ್ಯ, ಕೈಯಲ್ಲಿ ಉಳಿ ಹಿಡಿದು, ಕೂದಲೆಳೆಗಿಂತ ತೆಳ್ಳಗೆ ಹೆರೆದು, ಕೂರಿಸಿ ನೋಡಿ, ಮತ್ತೆ ಹೆರೆದು ಬಿಟ್ಟುಹೋದ ಗುರುತು. ಅವನು ಕೈಯನ್ನು ಈಗಷ್ಟೇ ಅಲ್ಲಿಂದ ತೆಗೆದ ಹಾಗಿತ್ತು. ಹಲ್ಲುಚಕ್ರಗಳ ಮೇಲೆ, ಯಾವ ಹಲ್ಲು ಯಾವ ಹಲ್ಲಿಗೆ ಜೋಡಿ ಎಂದು ತಿಳಿಯಲು, ಅವನೋ ಅವನ ಜೊತೆಯವನೋ ಚುಕ್ಕಿಗಳನ್ನು ಕುಟ್ಟಿದ್ದ. ಮೂಲೆಯಲ್ಲಿ ಉಳಿದಿದ್ದ ಎಣ್ಣೆ ಜೇನಿನ ಬಣ್ಣಕ್ಕೆ ತಿರುಗಿತ್ತು. ಬೆರಳದ್ದಿ ಮೂಸಿದೆ. ಆ ಕಾಲದ ಎಂಜಿನ್ನುಗಳಿಗೆ ಹೊಯ್ಯುತ್ತಿದ್ದ ಹರಳೆಣ್ಣೆ. ಅಷ್ಟು ವರ್ಷದ ಹಿಂದಿನ ಒಂದು ಬೆಳಗಿನ ವಾಸನೆ. ಆ ಬೆಳಿಗ್ಗೆ ಹೆಡ್ಲಿ ಪೆಂಗಿಲಿ ಅದನ್ನು ಹೊಯ್ದಿದ್ದ.

ಎಣ್ಣೆ ತಟ್ಟೆಯ ತಳದಲ್ಲಿ ಒಂದು ಕಡೆ ಬೆಳ್ಳಿಯ ಹನಿಗಳು ಹೆಪ್ಪುಗಟ್ಟಿದ್ದವು. ಕರಗಿದ ಬೇರಿಂಗಿನ ಲೋಹ. ಅಂದರೆ ಕೆಟ್ಟಿತ್ತು!

ಹಾಗಾದರೆ ತೊಗಲೂ ಇರಬೇಕು. ಟಾರ್ಚು ಹಿಡಿದು ಒಳಗೆ ಬಗ್ಗಿ ಎಣಿಸಿದೆ. ಒಂದು ರಾಡು, ಎರಡು ರಾಡು, ನಾಲ್ಕನೇ ರಾಡು.

ಮೂರನೆಯದು ಇರಲಿಲ್ಲ.

ಸಿಲಿಂಡರು ದಿಮ್ಮಿಯನ್ನು ಎತ್ತಿದ ಮೇಲೆ ಪೂರ್ತಿ ಕಂಡಿತು. ಮೂರನೆಯ ಸಿಲಿಂಡರು ಬಾವಿಯ ಹಾಗೆ ಖಾಲಿ. ಪಿಸ್ಟನ್ ಇಲ್ಲ, ರಾಡ್ ಇಲ್ಲ. ಅದರ ವಾಲ್ವುಗಳನ್ನು ಎತ್ತುವ ಸರಳುಗಳನ್ನೂ ಯಾರೋ ತೆಗೆದಿದ್ದರು, ವಾಲ್ವುಗಳು ಮುಚ್ಚಿಕೊಂಡೇ ಇರಲಿ ಎಂದು. ಕ್ರ್ಯಾಂಕಿನ ಮೂರನೆಯ ಕುತ್ತಿಗೆಗೆ, ರಾಡ್ ಕಚ್ಚಿಕೊಳ್ಳಬೇಕಾದ ಜಾಗಕ್ಕೆ, ಚರ್ಮದ ಒಂದು ಪಟ್ಟಿ ಸುತ್ತಿ ಸಣ್ಣ ತಂತಿಯಿಂದ ಬಿಗಿದಿತ್ತು. ಎಣ್ಣೆ ಕುಡಿದು ಅದು ಕಲ್ಲಾಗಿತ್ತು. ಪಟ್ಟಿಯ ಸಂದಿನಲ್ಲಿ ಮರದ ಬೆಣೆಯೊಂದರ ತಲೆ ಕಾಣುತ್ತಿತ್ತು.

ಆ ಬೆಣೆಯ ವಿಷಯ ನಾನು ಹೇಳಲೇಬೇಕು. ಈ ಜಾತಿಯ ಕ್ರ್ಯಾಂಕಿನ ಒಳಗೆ ಎಣ್ಣೆ ಹರಿಯಲು ಸಣ್ಣ ಸುರಂಗವಿರುತ್ತದೆ. ಒಂದು ಕುತ್ತಿಗೆಯಲ್ಲಿ ರಾಡ್ ತೆಗೆದರೆ ಅಲ್ಲಿಯ ತೂತಿನಿಂದ ಎಣ್ಣೆಯೆಲ್ಲ ಸುರಿದುಹೋಗಿ ಉಳಿದ ಮೂರೂ ಒಣಗಿ ಸಾಯುತ್ತವೆ. ಅದನ್ನು ತಿಳಿದವನು ನಮ್ಮ ಬಯಲಲ್ಲಿ ಬೆಳೆವ ಗಟ್ಟಿ ಮುಲ್ಗಾ ಮರದ ಕೆಚ್ಚಿನಿಂದ ಒಂದು ಬೆಣೆ ಕೆತ್ತಿ, ಆ ತೂತಿಗೆ ಜಡಿದು, ಅದರ ತಲೆಯನ್ನು ಕುತ್ತಿಗೆಯ ಬಾಗಿಗೆ ಸರಿಯಾಗಿ ಹೆರೆದಿದ್ದ. ಕಣ್ಣು ಮುಚ್ಚಿ ಬೆರಳಾಡಿಸಿದೆ. ಲೋಹ ಎಲ್ಲಿ ಮುಗಿಯಿತು, ಮರ ಎಲ್ಲಿ ಶುರುವಾಯಿತು, ತಿಳಿಯಲಿಲ್ಲ. ಕಾರ್ಖಾನೆಯವನ ಹತ್ತಿರ ಕಿಟಕಿಯ ಬೆಳಕಿತ್ತು, ಬೆಂಚಿತ್ತು, ಉಳಿ ಇತ್ತು. ಇವನು ಕೆಂಪು ಮಣ್ಣಿನ ಮೇಲೆ ಮೊಣಕಾಲೂರಿ, ಮುಖಕ್ಕೆ ನೊಣ ಮುತ್ತುತ್ತಿರುವಾಗ, ಮನೆಯಲ್ಲಿ ಹೆಂಡತಿ ನರಳುತ್ತಿದ್ದಾಳೆಂದು ಗೊತ್ತಿದ್ದೂ, ಕಿಸೆಯ ಚೂರಿಯಿಂದ ಈ ಕೆಲಸ ಮಾಡಿದ್ದ. ಕೈ ನಡುಗಿಸದೆ. ಆತುರಪಟ್ಟಿದ್ದರೆ ಬೆಣೆ ಸೀಳುತ್ತಿತ್ತು. ಸೀಳಿರಲಿಲ್ಲ. ಮೂರು ಸಿಲಿಂಡರಿನಲ್ಲಿ ಕುಂಟುತ್ತ ಅವನು ಬೂಲ್ಕರಾ ಮುಟ್ಟಿದ್ದ.

ನಾನು ಎಣ್ಣೆ ಡಬ್ಬದ ಮೇಲೆ ಕುಳಿತುಬಿಟ್ಟೆ. ಚಹಾ ಆರಿತು. ಜಗತ್ತಿನ ಯಾವ ವಿಷಯಕ್ಕೂ ಒಂದಕ್ಕೆ ನಾಲ್ಕು ಸೇರಿಸಿ ಹೇಳಬಲ್ಲ ನನಗೆ, ಇದಕ್ಕೆ ಸೇರಿಸಲು ಏನೂ ಸಿಗಲಿಲ್ಲ.

ಆಗಲೇ ಹೆದರಿಕೆ ಹುಟ್ಟಿದ್ದು. ಇದನ್ನು ಹೇಳಬೇಕಾದವನು ನಾನು. ನನ್ನ ಬಾಯಿಂದ ಬಂದರೆ ಏನಾಗುತ್ತದೆ? ಒಮ್ಮೆ ಪರೀಕ್ಷೆ ಮಾಡೋಣ ಎಂದು ಕ್ಲಾರಿಯ ಅಂಗಡಿಗೆ ಹೋದೆ. ಅವನು ಸಾಸೇಜು ತಿರುವುತ್ತಿದ್ದ. ಇದ್ದದ್ದನ್ನು ಇದ್ದ ಹಾಗೆ, ಒಂದು ಅಕ್ಷರವೂ ಹೆಚ್ಚಿಸದೆ ಹೇಳಿದೆ.

ಕ್ಲಾರಿ ಎಪ್ರನ್ನಿನ ತುದಿಯಿಂದ ಕಣ್ಣೀರು ಒರೆಸಿಕೊಂಡ. ನಕ್ಕು ನಕ್ಕು ಬಂದ ಕಣ್ಣೀರು.

"ಮರದ ಬೆಣೆ! ಲೇ, ಮರದ ಬೆಣೆ ಅಂತೆ! ಮೂರು ಸಿಲಿಂಡರನ್ನ ನಾಲ್ಕರಿಂದ ಭಾಗಿಸಿದ್ರೆ ಮುಕ್ಕಾಲು, ಅದರಲ್ಲರ್ಧ... ಅಷ್ಟರಲ್ಲಿ ಓಡಿಸ್ಕೊಂಡ್ ಬಂದ್ನಾ ಆ ಮುದುಕ?"

"ನಿಜ ಕಣೋ ಕ್ಲಾರಿ. ನಮ್ಮಮ್ಮನಾಣೆ."

"ನಿಮ್ಮಮ್ಮನ ಮೇಲೆ ಆಣೆ ಇಟ್ಟೇ ಅಲ್ವೇನೋ ನೀನು ಮೊಸಳೆ ಜೊತೆ ಈಜಿದ್ದು? ಪಿಸ್ಟನ್ನು ಎಲ್ಲಿ ಮಾರ್ಕೊಂಡೆ ಹೇಳು. ಬಿಚ್ಚೋಕೆ ಕೊಟ್ರೆ ಸಾಮಾನು ಕದೀತೀಯಲ್ಲೋ, ಅದೂ ಮಿಸ್ ಹತ್ರ! ನಾಚ್ಕೆ ಆಗಲ್ವಾ ನಿಂಗೆ?"

ಅವನು ತಮಾಷೆಗೆ ಹೇಳಿದ್ದು. ಆದರೆ ಅದು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಮಿಸ್ ಪೆಂಗಿಲಿಯೂ ಇದನ್ನೇ ಹೇಳಿದರೆ? ಅವರಪ್ಪನನ್ನು ಒಮ್ಮೆ ನಂಬದೆ ಕೆಡಿಸಿದ್ದಾಯಿತು, ಈಗ ನನ್ನನ್ನು ನಂಬದೆ ಎರಡನೆಯ ಸಲ ಕೆಡಿಸಿದಂತಾಗುತ್ತದೆ. ಇಷ್ಟು ದೊಡ್ಡ ನಿಜ ನನ್ನ ಬಾಯಿಯಲ್ಲಿ ಹಿಡಿಸುವುದಿಲ್ಲ. ಸಣ್ಣದೊಂದು ಸುಳ್ಳಾದರೆ ಹಿಡಿಸುತ್ತದೆ, ಅದೂ ಅವರು ಆಗಲೇ ಕೇಳಿರುವ, ಅವರಪ್ಪನದೇ ಮಾತಾದರೆ.

ಕ್ಲಾರಿಯ ಹಿಂದೆ ಕೊಕ್ಕೆಯಲ್ಲಿ ಬೇಕನ್ನಿನ ಒಂದು ದೊಡ್ಡ ಹಲಗೆ ತೂಗುತ್ತಿತ್ತು.

"ಅದರಲ್ಲೊಂದು ತುಂಡು ಕೊಡು. ತೊಗಲಿರೋ ಕಡೆ."

ಅವತ್ತೇ ಸಂಜೆಯ ಬೆಳಕಿನಲ್ಲಿ ನನ್ನ ಗುಜರಿ ರಾಶಿಯಿಂದ, ಅಳತೆಗೆ ಹೊಂದುವ ಬೇರಾವುದೋ ಸತ್ತ ಎಂಜಿನ್ನಿನದೊಂದು ಪಿಸ್ಟನ್ ಮತ್ತು ರಾಡ್ ಹುಡುಕಿ ತೆಗೆದೆ. ಅದರ ಬಿಳಿಲೋಹ ಎಂದೋ ಉದುರಿಹೋಗಿತ್ತು. ಒಳ್ಳೆಯದೇ ಆಯಿತು, ತೊಗಲಿಗೆ ಜಾಗ ಸಿಕ್ಕಿತು. ತೊಗಲನ್ನು ಹಳೆ ಎಣ್ಣೆಯಲ್ಲಿ ಹುರಿದು ಕಪ್ಪು ಮಾಡಿ, ಹೆಡ್ಲಿಯ ಚರ್ಮದ ಪಟ್ಟಿಯ ಮೇಲೇ ಸುತ್ತಿ, ರಾಡ್ ಕೂರಿಸಿ ಟೊಪ್ಪಿ ಬಿಗಿದೆ. ಬೆಣೆ ಕಾಣಲಿಲ್ಲ. ಶೆಡ್ಡಿನ ತುಂಬ ಬೆಳಗಿನ ತಿಂಡಿಯ ವಾಸನೆ. ಬೀದಿನಾಯಿಗಳೆಲ್ಲ ಬಾಗಿಲಿಗೆ ಬಂದು ಕುಳಿತವು. ಹತ್ತು ಸಾವಿರ ನಾಯಿ. ಎರಡು.

ಮಾರನೆಯ ದಿನ ಮಿಸ್ ಬಂದರು. ಕೈಗೆ ಗ್ಲೌಸು, ಕೈಯಲ್ಲಿ ಕೈಚೀಲ, ತಲೆಗೆ ಚರ್ಚಿನ ಟೊಪ್ಪಿ. ಬೆಂಚಿನ ಮುಂದೆ ನಿಂತು, ಬೋರಲಾಗಿ ಬಿದ್ದಿದ್ದ ಎಂಜಿನ್ನನ್ನು ನೋಡಿದರು. ಎಣ್ಣೆ ತಟ್ಟೆಯಲ್ಲಿದ್ದ ಬೆಳ್ಳಿ ಹನಿಗಳನ್ನು ತೋರಿಸಿದೆ. ಅವರು ಒಂದನ್ನು ಅಂಗೈಯಲ್ಲಿಟ್ಟುಕೊಂಡು ಹಿಂದೆ ಮುಂದೆ ಹೊರಳಿಸಿ ನೋಡಿದರು.

"ಕೆಟ್ಟಿತ್ತು ಹಾಗಾದ್ರೆ," ಎಂದರು ಕೊನೆಗೆ.

"ಕೆಟ್ಟಿತ್ತು ಮಿಸ್."

ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಆದರೆ ನಿಲ್ಲಿಸಿದರೆ ಅದು ನಾನಲ್ಲ. "ಇಷ್ಟೇ ಅಲ್ಲ, ಇಲ್ನೋಡಿ," ಎಂದು ಸರ್ಕಸ್ಸಿನವನ ಹಾಗೆ ಮೂರನೆಯ ರಾಡಿನ ಟೊಪ್ಪಿ ಬಿಚ್ಚಿ ಎತ್ತಿದೆ. "ನಿಮ್ಮಪ್ಪ ಹೇಳಿದ ತೊಗಲು! ಅಷ್ಟು ವರ್ಷದಿಂದ ಇಲ್ಲೇ ಕಾದು ಕೂತಿದೆ. ಮುಟ್ಟಿದ ಕೂಡಲೇ ನನ್ನ ಮೈ ಜುಂ ಅಂತು ಮಿಸ್, ನಿಲ್ಲೋಕಾಗದೆ ಬಿದ್ದೇ ಹೋದೆ!"

ಅವರು ಕನ್ನಡಕ ಏರಿಸಿ ಬಗ್ಗಿದರು. ಮೂಸಿದರು. ಕೈಚೀಲದಿಂದ ಹೇರ್‌ಪಿನ್ ತೆಗೆದು ತೊಗಲಿನ ಅಂಚನ್ನು ಮೇಲಕ್ಕೆತ್ತಿದರು.

"ರೆಗ್."

"ಹ್ಞಾಂ ಮಿಸ್?"

"ಇದೇನಿದು ನೇರಳೆ ಬಣ್ಣ?"

ನಾನೂ ಬಗ್ಗಿ ನೋಡಿದೆ. ತೊಗಲಿನ ಒಳಮಗ್ಗುಲಲ್ಲಿ, ಎಣ್ಣೆ ಸರಿಯಾಗಿ ಹುರಿಯದೆ ಬಿಟ್ಟ ಜಾಗದಲ್ಲಿ, ಕಸಾಯಿಖಾನೆಯ ಇನ್‌ಸ್ಪೆಕ್ಟರನ ಶಾಯಿಯ ಮುದ್ರೆ. ಅರ್ಧ ವೃತ್ತ, ಅದರೊಳಗೆ ಎರಡು ಅಂಕಿ. ಸ್ವಚ್ಛವಾಗಿ ಓದಬಹುದಿತ್ತು.

"ನಮ್ಮನೇಲಿ ಹಂದಿ ಕುಯ್ತಿದ್ದದ್ದು ನಮ್ಮಪ್ಪ, ಕೊಟ್ಟಿಗೆ ಹಿಂದೆ," ಎಂದರು ಮಿಸ್ ಪೆಂಗಿಲಿ ಮೆಲ್ಲಗೆ. "ನಮ್ಮ ಹಂದಿಗೆ ಸರ್ಕಾರ ಮುದ್ರೆ ಒತ್ತಿರ್ಲಿಲ್ಲ."

ಅವರ ಮುಖ ಬಾಡಿತು. ನನ್ನನ್ನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಅಂದ್ರೆ ಒಳಗೆ ಏನೂ ಇರ್ಲಿಲ್ಲ. ನಂಗೆ ಬೇಜಾರಾಗಬಾರ್ದು ಅಂತ ನೀನಿದನ್ನ ಇಟ್ಟೆ. ಆ ಬೆಳ್ಳಿ ಹನಿನೂ ನೀನೇ ಇಟ್ಟಿದ್ದಾ? ನಮ್ಮಪ್ಪ ಪಬ್ಬಲ್ಲೇ ಇದ್ದ, ಅಲ್ವಾ?"

"ಇಲ್ಲ ಮಿಸ್! ಹಾಗಲ್ಲ!"

"ಮತ್ತೆ ಹೇಗೆ?" ಎನ್ನುತ್ತ ಅವರು ಸಿಟ್ಟಿನಿಂದ ತೊಗಲನ್ನು ಹಿಡಿದು ಎಳೆದರು. ಅದು ಕಿತ್ತು ಕೈಗೆ ಬಂತು. ಅದರಡಿಯಲ್ಲಿ ಕಲ್ಲಾದ ಚರ್ಮದ ಪಟ್ಟಿ, ತಂತಿ, ಮುಲ್ಗಾ ಬೆಣೆಯ ಕಪ್ಪು ತಲೆ.

ಅವರ ಕೈ ಅಲ್ಲೇ ನಿಂತಿತು.

"ಇದೇನು? ಇದನ್ನೂ ನೀನೇ ಮಾಡಿದ್ದಾ?"

"ಇದನ್ನ ಮಾಡೋಕೆ ನಂಗೆ ಬರಲ್ಲ ಮಿಸ್," ಎಂದೆ. ನಲವತ್ತೆಂಟು ವರ್ಷದ ಬಾಳಿನಲ್ಲಿ ನನಗೊಂದು ಕೆಲಸ ಬರುವುದಿಲ್ಲ ಎಂದು ನಾನು ಹೇಳಿದ್ದು ಅದೇ ಮೊದಲು. "ಈ ರಾಡು, ಪಿಸ್ಟನ್ನು ನನ್ನ ಗುಜರಿದು. ತೊಗಲು ಕ್ಲಾರಿ ಅಂಗಡೀದು. ಬೆಳ್ಳಿ ಹನಿ ನಿಮ್ಮಪ್ಪಂದು. ಈ ಬೆಣೆ ನಿಮ್ಮಪ್ಪಂದು. ನಾನು ನೋಡ್ದಾಗ ಮೂರನೇ ಸಿಲಿಂಡರು ಖಾಲಿ ಇತ್ತು. ಬೇರಿಂಗ್ ಹೋದ ಮೇಲೆ ಪಿಸ್ಟನ್ನು, ರಾಡು ಎರಡನ್ನೂ ಅವರು ದಾರೀಲೇ ಬಿಚ್ಚಿ ಹಾಕಿದಾರೆ. ಇಡೀ ದಿಮ್ಮಿ ಎತ್ತಿ ಇಳಿಸ್ಬೇಕು ಅದಕ್ಕೆ, ಒಬ್ಬರೇ. ಆಮೇಲೆ ಎಣ್ಣೆ ಸೋರಬಾರ್ದು ಅಂತ ಇದನ್ನ ಕೆತ್ತಿದಾರೆ."

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?"

"ಕ್ಲಾರಿಗೆ ಹೇಳ್ದೆ. ನಕ್ಕ. ನೀವೂ ನಗ್ತೀರ ಅಂತ ಹೆದರ್ಕೊಂಡೆ."

ಮಿಸ್ ಪೆಂಗಿಲಿ ನಗಲಿಲ್ಲ. ಗ್ಲೌಸು ಬಿಚ್ಚಿದರು. ಬೆಣೆಯ ತಲೆಯ ಮೇಲೆ ಬೆರಳಿಟ್ಟು, ಲೋಹದ ಮೇಲಕ್ಕೆ ಸರಿಸಿ, ಮತ್ತೆ ಮರದ ಮೇಲಕ್ಕೆ ಸರಿಸಿದರು. ಅಂಚು ಹುಡುಕುತ್ತಿದ್ದರು. ಸಿಗಲಿಲ್ಲ.

"ತೊಗಲು ಮೊದಲು ಹಾಕಿರ್ತಾನೆ," ಎಂದರು ತಮಗೆ ತಾವೇ ಎಂಬಂತೆ. "ಸ್ವಲ್ಪ ದೂರ ಬಂದಿರುತ್ತೆ, ಸುಟ್ಟುಹೋಗಿರುತ್ತೆ. ಆಮೇಲೆ ಇದು. ಅವತ್ತು ಮನೇಲಿ ತೊಗಲಿನ ತನಕ ಹೇಳಿದ್ದ ಅಷ್ಟೇ. ಅಷ್ಟಕ್ಕೇ ನಕ್ಕುಬಿಟ್ರು. ಮುಂದಿಂದು ಹೇಳ್ಲೇ ಇಲ್ಲ."

ಹೊರಗೆ ಗಿಳಿಗಳು ತಗಡಿನ ಮೇಲೆ ಜಾರುತ್ತಿದ್ದವು. ಅವರು ಎಣ್ಣೆ ಡಬ್ಬವನ್ನು ತಾವೇ ಎಳೆದುಕೊಂಡು, ಧೂಳನ್ನೂ ಒರೆಸದೆ, ಅದರ ಮೇಲೆ ಕುಳಿತರು.

"ಇನ್ನೊಂದ್ಸಲ ಹೇಳು. ಮೊದಲಿಂದ. ಹೆಚ್ಚೂ ಬೇಡ, ಕಮ್ಮೀನೂ ಬೇಡ."

ನಾನು ಕೈ ಒರೆಸಿಕೊಂಡು ನೆಟ್ಟಗೆ ನಿಂತೆ. ಗಾಡಿ ನನ್ನ ಶೆಡ್ಡಿಗೆ ಬಂದ ಮೇಲೆ ಒಂದು ಸಲವೂ ಓಡಿಲ್ಲ, ಅದರ ಎಂಜಿನ್ ಈಗಲೂ ನನ್ನ ಬೆಂಚಿನ ಮೇಲೆ ಬೋರಲಾಗಿಯೇ ಇದೆ, ನಾನು ಕೆಮ್ಮಿದರೆ ಅದರ ಮೇಲಿನ ಧೂಳು ಕೂಡ ಏಳುವುದಿಲ್ಲ ಎಂಬುದರಿಂದ ಶುರುಮಾಡಿ, ಮಣ್ಣಿನ ಗೂಡಿನಿಂದ ಬೆಣೆಯವರೆಗೆ, ಕಂಡದ್ದನ್ನು ಕಂಡ ಹಾಗೆ ಅವರಿಗೆ ಹೇಳಿದೆ.